ಉತ್ತರವಿಲ್ಲದ ಪುಸ್ತಕ

"ಇದು ಬೇಡ ಮೊಯಿರಾ, ಬೇರೆ ಕೊಡು. ಇದ್ರಲ್ಲಿ ಎಲ್ಲಾ ಉತ್ತರ ಇದೆ," ಅಂತ ಕ್ಲಾರಿ ಲ್ಯಾಟಿನ್ ಪುಸ್ತಕವನ್ನು ಮೇಜಿನ ಮೇಲೆ ಇಟ್ಟ.

ಮೊಯಿರಾಗೆ ತಲೆಬುಡ ಅರ್ಥವಾಗಲಿಲ್ಲ. ಹ್ಯಾಮಿಲ್ಟನ್ ಊರಿಗೆ ಇರುವ ಒಂದೇ ಹಳೇ ಪುಸ್ತಕದಂಗಡಿ ಅವಳದು. ಹೋದ ತಿಂಗಳು ಕಪಾಟನ್ನೆಲ್ಲ ಜಾಲಾಡಿ ಆ ಪುಸ್ತಕ ಆರಿಸಿ ಕೊಟ್ಟಿದ್ದಳು. ತಾನಾಗೇ ಕಲಿಯುವವರಿಗೆ ಹಿಂದೆ ಉತ್ತರ ಇರುವುದೇ ಬೇಕು, ಇಲ್ಲದಿದ್ದರೆ ಸರಿಯೋ ತಪ್ಪೋ ಗೊತ್ತಾಗುವುದು ಹೇಗೆ ಅಂತ ಬುದ್ಧಿ ಬೇರೆ ಹೇಳಿದ್ದಳು. ಜೀವಮಾನವಿಡೀ ಕುರಿಯ ಉಣ್ಣೆ ಕತ್ತರಿಸಿದವನು ಈ ವಯಸ್ಸಲ್ಲಿ ಲ್ಯಾಟಿನ್ ಕಲಿಯುತ್ತೇನೆ ಅಂದರೆ ನಗು ಬರಬೇಕು. ಆದರೆ ಊರಲ್ಲಿ ಒಬ್ಬರೂ ನಗಲಿಲ್ಲ.

ಅವನ ಹೆಂಡತಿ ಎನಿಡ್ ಇಲ್ಲಿನ ಹೈಸ್ಕೂಲಿನಲ್ಲಿ ಲ್ಯಾಟಿನ್ ಟೀಚರಾಗಿದ್ದವಳು. ಅರ್ಧ ಊರು ಅವಳ ಕೈಲಿ ಬೈಸಿಕೊಂಡು ಬೆಳೆದಿದೆ, ಮೊಯಿರಾನೂ ಸೇರಿದಂತೆ. ಹೋದ ಬೇಸಿಗೆಯಲ್ಲಿ ಲಕ್ವ ಹೊಡೆದ ಮೇಲೆ ಒಂದು ಮಾತಿಲ್ಲ. ಮಾತು ಒಳಗೇ ಇದೆ, ಅವಳಿಗೇ ಆಡಬೇಕು ಅನ್ನಿಸಬೇಕು ಅಂದಿದ್ದರು ಡಾಕ್ಟರು. ಈಗಲೂ ಅಂಗಡಿಯ ಹೊರಗೆ ನಿಲ್ಲಿಸಿದ ಗಾಡಿಯಲ್ಲಿ ಕಂಬಳಿ ಹೊದ್ದು ಕೂತಿದ್ದಳು, ಅವರ ನಾಯಿ ಅವಳ ತೊಡೆಯ ಮೇಲೆ ತಲೆ ಇಟ್ಟು ಮಲಗಿತ್ತು.

ಕ್ಲಾರಿ ಟೋಪಿ ತೆಗೆದು ತನ್ನ ಗೋಳು ಹೇಳಿಕೊಂಡ. ದಿನಾ ಸಂಜೆ ಅಭ್ಯಾಸ ಬರೆದು, ಹಿಂದೆ ನೋಡಿ ತಿದ್ದಿ, ಅವಳ ಮುಂದೆ ಹಿಡಿಯುತ್ತಿದ್ದನಂತೆ. ಅವಳು ಸರಿ ಅಂತ ತಲೆಯಾಡಿಸಿ ವಾಪಸ್ ಕೊಡುತ್ತಿದ್ದಳಂತೆ, ಅಷ್ಟೇ.

"ಸರಿ ಇರೋದನ್ನ ನೋಡಿ ಅವಳು ಯಾವತ್ತು ಬಾಯಿ ಬಿಟ್ಟಿದ್ದಾಳೆ, ನೀನೇ ಹೇಳು," ಅಂದ.

ಹಾಗಾದರೆ ಬೇಕಂತಲೇ ತಪ್ಪು ಬರಿ ಅಂದಳು ಮೊಯಿರಾ. ಅದೂ ಆಯಿತಂತೆ. ಎನಿಡ್ ಒಂದು ಸಲ ಪುಟ ನೋಡಿ, ಒಂದು ಸಲ ಇವನ ಮುಖ ನೋಡಿ, ಪುಸ್ತಕ ಮುಚ್ಚಿಟ್ಟಳಂತೆ. ಟೀಚರ ಹತ್ತಿರ ಆ ಆಟವೆಲ್ಲ ನಡೆಯುತ್ತದೆಯೇ.

ಮೊಯಿರಾ ಒಳಗೆ ಹೋಗಿ ಬೆನ್ನು ಹರಿದ ಹಳೇ ಶಾಲಾ ಪುಸ್ತಕವೊಂದನ್ನು ತಂದಳು. ತರಗತಿಗಂತ ಮಾಡಿದ್ದು, ಹಿಂದೆ ಉತ್ತರವಿಲ್ಲ. ಉತ್ತರ ಟೀಚರ ತಲೆಯಲ್ಲಿರುತ್ತಿತ್ತು. ಒಬ್ಬನೇ ಕಲಿಯುವವನಿಗೆ ಇದಕ್ಕಿಂತ ಕೆಟ್ಟ ಪುಸ್ತಕ ಇನ್ನೊಂದು ಸಿಗಲಾರದು.

ಕ್ಲಾರಿ ಅಲ್ಲೇ ಮೇಜಿಗೆ ಬಾಗಿ, ಪೆನ್ಸಿಲ್ ಇಸಕೊಂಡು, ತುಟಿ ಕಚ್ಚಿಕೊಂಡು ಮೊದಲ ವಾಕ್ಯವನ್ನು ಪುಟದ ಅಂಚಲ್ಲೇ ಬರೆದ. ಪಾಪ, ಮೈಯೆಲ್ಲ ಬೆವರು. ಎರಡನೇ ಪದವೇ ತಪ್ಪಾಗಿತ್ತು. ಮೊಯಿರಾ ಹೇಳಲೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

"ಸರಿಯಾಗಿದ್ಯಾ?" ಅಂತ ಕೇಳಿದ.

"ನನಗೇನು ಗೊತ್ತು, ಟೀಚರನ್ನ ಕೇಳು," ಅಂದಳು.

ಅವನು ಹೋಗಿ ಗಾಡಿಯ ಕಿಟಕಿಯಲ್ಲಿ ಪುಸ್ತಕ ಕೊಡುವುದನ್ನು ಮೊಯಿರಾ ಅಂಗಡಿಯ ಗಾಜಿನ ಹಿಂದಿನಿಂದ ನೋಡುತ್ತಾ ನಿಂತಳು. ಎನಿಡ್ ಓದಿದಳು. ಮತ್ತೆ ಓದಿದಳು. ಎಡಗೈ ಕಂಬಳಿಯಿಂದ ಹೊರಗೆ ಬಂದು ಅವನ ಕೈಲಿದ್ದ ಪೆನ್ಸಿಲ್‌ಗೆ ಚಾಚಿತು. ಪುಟದ ಮೇಲೆ ಉದ್ದಕ್ಕೆ ಗೀರಿದಳು. ಅವಳ ತುಟಿ ಅಲುಗಿತು, ಕ್ಲಾರಿ ಕಿವಿಯನ್ನು ಕಿಟಕಿಯೊಳಗೆ ತೂರಿಸಿದ. ನಾಯಿ ಎದ್ದು ಕೂತಿತು.

ಅವನು ಬಾಗಿಲಿಗೆ ಬಂದಾಗ ಮುಖವೆಲ್ಲ ಒದ್ದೆ. ಏನಂದರು ಅಂತ ಕೇಳಿದಳು ಮೊಯಿರಾ.

"ದಡ್ಡ ಅಂದ್ಲು," ಅಂದ ಕ್ಲಾರಿ. "ಆಮೇಲೆ ನಿನ್ನ ಕಡೆ ಬೆರಳು ತೋರ್ಸಿ, ಅವಳೂ ದಡ್ಡಿನೇ ಅಂದ್ಲು."