ಪಕ್ಕದ ಬಾಗಿಲು

ಕಂಪ್ಯೂಟರಿನ ಪರದೆಯ ಮೇಲೆ ಕತ್ತರಿಯ ಚಿತ್ರ ಬಂತು. ಅವಳು ಬೇಕೆಂದೇ ಅಲ್ಲಲ್ಲಿ ಕೊಂಡಿ ಕಳಚಿದ್ದ ಕೃತಕ ನರಜಾಲ ತುಸು ತಡೆದು 'ಚಾಕು' ಅಂದಿತು. ಪಾರ್ಶ್ವವಾಯು ಬಡಿದ ಮೇಲೆ ಅಪ್ಪನೂ ಹಾಗೇ ಅನ್ನುತ್ತಿದ್ದರು. ಅವರ ತಲೆಯೊಳಗೆ ಏನಾಗಿದೆಯೆಂದು ತಿಳಿಯಲೆಂದೇ, ಅವರು ಚೆನ್ನಾಗಿದ್ದಾಗ ಆಡಿದ ಮಾತುಗಳ ಧ್ವನಿಮುದ್ರಣ ಕೇಳಿಸಿ ಈ ಜಾಲಕ್ಕೆ ಹೆಸರುಗಳನ್ನು ಕಲಿಸಿದ್ದಳು. ಅವರ ಮಾತಿನಲ್ಲಿ ಜೊತೆಜೊತೆಗೆ ಬರುತ್ತಿದ್ದವರು ಅದರೊಳಗೂ ಅಕ್ಕಪಕ್ಕದಲ್ಲೇ ಕೂತಿದ್ದರು.

ಆಮೇಲೆ ತನ್ನದೇ ಫೋಟೊ ತೋರಿಸಿದಳು. 'ಮಗಳು' ಅನ್ನಬೇಕಿದ್ದ ಜಾಲ 'ಅಕ್ಕ' ಅಂದಿತು. ಅವಳ ಬೆರಳು ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಅಪ್ಪನನ್ನು ಎತ್ತಿ ಆಡಿಸಿ ಬೆಳೆಸಿದ್ದು, ಈಗಿಲ್ಲದ ಅವರ ಅಕ್ಕ; ಮಗಳ ಮಾತು ಬಂದಾಗಲೆಲ್ಲ ಆ ಅಕ್ಕನನ್ನೂ ನೆನೆಯುತ್ತಿದ್ದರು. ಹಾಗಾದರೆ ಅಪ್ಪನೊಳಗೆ ಮಗಳ ಹೆಸರು ಅಳಿಸಿಹೋಗಿರಲಿಲ್ಲ. ಮಗಳನ್ನು ಹುಡುಕಿ ಹೊರಟ ಮಾತು ನಿದ್ದೆಗಣ್ಣಲ್ಲಿ ನಡೆಯುವವರ ಹಾಗೆ ತಡವರಿಸುತ್ತಾ ಬಂದು, ಪಕ್ಕದ ಬಾಗಿಲು ತಟ್ಟಿತ್ತು.

ಮನೆಗೆ ಬಂದಾಗ ಇಳಿಬಿಸಿಲು ಅಪ್ಪನ ಹೊದಿಕೆಯ ಮೇಲೆ ನೀರಿನಂತೆ ಹರಡಿಕೊಂಡಿತ್ತು.

"ಅಕ್ಕಾ," ಅಂದರು ಅಪ್ಪ.

"ಅಕ್ಕ ಅಲ್ಲ ಅಪ್ಪಾ, ನಾನು ನಿಮ್ಮ ಮಗಳು" ಎಂದು ದಿನಾ ತಿದ್ದುತ್ತಿದ್ದವಳು ಇವತ್ತು ಮಂಚದ ಅಂಚಿಗೆ ಕೂತು, ಅವರ ನರೆಗೂದಲಲ್ಲಿ ಬೆರಳಾಡಿಸಿದಳು.

"ಏನೋ ಪುಟ್ಟಾ," ಅಂದಳು, "ಇಲ್ಲೇ ಇದೀನಿ."