ಬೆಣಚುಕಲ್ಲಿನ ದನಿ

ಬೆಣಚುಕಲ್ಲು ಒಡೆಯುವ ಶೆಡ್ಡಿನೊಳಗೆ ಯಾರೂ ಸಾವಿನ ಸುದ್ದಿ ಹೇಳುವುದಿಲ್ಲ. ಕಲ್ಲು ಒಡೆದಾಗ ಅದರೊಳಗೆ ಕೋಟ್ಯಂತರ ವರ್ಷ ಸಿಕ್ಕಿಕೊಂಡಿದ್ದ ಹೀಲಿಯಂ ಅನಿಲ ಪೈಪಿಗೆ ಹೋಗುತ್ತದೆ. ಸೋರಿದ್ದು ಹೆಂಗಸರ ಗಂಟಲಿಗೆ ಇಳಿಯುತ್ತದೆ. ಇಡೀ ಪಾಳಿ ಎಲ್ಲರದೂ ಕೋಳಿಮರಿಯ ದನಿ. ಹೊರಗೆ ಬಂದ ಮೇಲೂ ಸ್ವಂತ ದನಿ ಮರಳಲು ಅರ್ಧ ಗಂಟೆ ಬೇಕು.

ಮಧ್ಯಾಹ್ನ ಮೇಸ್ತ್ರಿ ಶಿವಪುತ್ರಪ್ಪ ಬಾಗಿಲಲ್ಲಿ ನಿಂತು ಹುಲಿಗೆಮ್ಮನನ್ನು ಕೈಸನ್ನೆಯಿಂದ ಹೊರಗೆ ಕರೆದ. ಅವಳ ಗಂಡ ಎಂಟು ದಿನದಿಂದ ಆಸ್ಪತ್ರೆಯಲ್ಲಿದ್ದ.

"ಈ ಬುಟ್ಟಿ ಮುಗಿಸಿ ಬರ್ತೀನ್ರಿ," ಎಂದಳು. ಆ ಕೀಚಲು ದನಿಗೆ ಇವತ್ತು ಯಾರೂ ನಗಲಿಲ್ಲ.

ಹನ್ನೊಂದು ವರ್ಷದಿಂದ ಸುತ್ತಿಗೆ ಹಿಡಿದ ಕೈ ಒಂದೊಂದೇ ಕಲ್ಲನ್ನು ನಿಧಾನವಾಗಿ ಒಡೆಯಿತು. ಬುಟ್ಟಿ ಬರಿದಾದ ಮೇಲೆ ಎದ್ದು ಹೊರಬಂದಳು.

"ಹೋಗಿಬಿಟ್ರು ಯಕ್ಕಾ," ಎಂದ ಮೇಸ್ತ್ರಿ.

ಅವಳ ಬಾಯಿಂದ ಹೊರಟದ್ದು ಕೋಳಿಮರಿಯ ಚೀರಾಟ. ತಕ್ಷಣ ಬಾಯಿಗೆ ಸೆರಗು ತುರುಕಿಕೊಂಡು ಬೇವಿನ ಮರದಡಿ ಕೂತಳು. ಉಳಿದ ಹೆಂಗಸರೂ ಸುತ್ತಿಗೆ ಕೆಳಗಿಟ್ಟು ಬಂದು ಅವಳ ಸುತ್ತ ಕೂತರು. ನೆರಳು ಒಂದಿಷ್ಟು ಸರಿಯಿತು.

ಎಲ್ಲರಿಗಿಂತ ಹಿರಿಯಳಾದ ದ್ಯಾಮವ್ವ ಮೆಲ್ಲಗೆ ಕೆಮ್ಮಿ ನೋಡಿಕೊಂಡಳು. ದನಿ ಬಂದಿತ್ತು.

"ಈಗ ಅಳವ್ವಾ," ಎಂದಳು.