ಷಟರ್ ಎಳೆದ ಕಡೆಯ ವಾರ

"ಪರೀಕ್ಷೆಗೆ ಇನ್ನು ಐದೇ ದಿನ. ಇವಳು ನೋಡಿದ್ರೆ ಕಾಲುಗುರಿಗೆ ಬಣ್ಣ ಹಚ್ತಾ ಕೂತಿದ್ದಾಳೆ!"

ಅಣ್ಣ ಬಾಗಿಲಲ್ಲಿ ನಿಂತು ಕೂಗಿದ. ತಂಗಿ ತಲೆ ಎತ್ತಲಿಲ್ಲ. ಎಡಗಾಲಿನ ಕಿರುಬೆರಳು ಬಾಕಿ ಇತ್ತು.

"ಕೂಗಬೇಡ ಅಣ್ಣ, ಕೈ ನಡುಗುತ್ತೆ."

"ಹಾಲ್‌ನಲ್ಲಿ ನಡುಗುತ್ತಲ್ಲ, ಆಗ ಗೊತ್ತಾಗುತ್ತೆ ಲಾಯರಮ್ಮನಿಗೆ! ಭಾನುವಾರ ಗೆಳತಿ ಮನೆ. ನಿನ್ನೆ ಇಡೀ ದಿನ ನಿದ್ದೆ. ಇವತ್ತು ಉಗುರು. ನಾಳೆ ಏನು, ಮೂಗು ಚುಚ್ಚಿಸ್ಕೊಳ್ತೀಯಾ?"

ಅವನ ಸಿಟ್ಟಿಗೆ ಕಾರಣವಿತ್ತು. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಕಳೆದ ವರ್ಷ ಆರೇ ಆರು ಅಂಕದಲ್ಲಿ ಸೀಟು ಅವಳ ಕೈತಪ್ಪಿತ್ತು. ಬರೆಯಲು ಎರಡೇ ಅವಕಾಶ. ಇದು ಎರಡನೆಯದು. ಮನೆಯ ಕೆಳಗೇ ಅವನ ವೆಲ್ಡಿಂಗ್ ಅಂಗಡಿ. ಕಬ್ಬಿಣ ಕೊಯ್ಯುವ ಮಷಿನ್ ಕಿರುಚಿದರೆ ಮೇಲೆ ಅಡುಗೆಮನೆಯ ತಟ್ಟೆಗಳು ಕುಣಿಯುತ್ತವೆ. ಆ ಆರು ಅಂಕ ತಿಂದದ್ದು ತನ್ನ ಮಷಿನ್ನೇ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಯಾರೂ ಹಾಗೆ ಅಂದಿರಲಿಲ್ಲ. ಆದರೆ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ತಪ್ಪು ಹೊತ್ತುಕೊಳ್ಳುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅದಕ್ಕೇ ಈ ಸಲ ಪರೀಕ್ಷೆಗೆ ಒಂದು ವಾರ ಇರುವಾಗಲೇ ಷಟರ್ ಎಳೆದುಬಿಟ್ಟ. ಡಾಕ್ಟರ ಮನೆಯ ಗೇಟು ಅರ್ಧಕ್ಕೆ ನಿಂತಿತು. ನಿಲ್ಲಲಿ. ಆ ಡಾಕ್ಟರ ಮೇಲೆ ಅವನಿಗೆ ಹೇಗೂ ಕೋಪವಿತ್ತು. ಗೇಟಿನ ಅಳತೆಗೆಂದು ಹೋದರೆ, ಇವನ ಕೆಂಡದಂಥ ಕಣ್ಣಿಗೆ ಟಾರ್ಚ್ ಬಿಟ್ಟು, "ಎರಡು ವಾರ ವೆಲ್ಡಿಂಗ್ ಬೆಂಕಿ ನೋಡಬೇಡ. ನೋಡಿದ್ರೆ ಆಮೇಲೆ ಏನೂ ನೋಡೋ ಹಾಗಿರಲ್ಲ" ಎಂದಿದ್ದರು.

"ಹಾಗಾದ್ರೆ ನಿಮ್ಮ ಗೇಟು ಯಾರು ಮಾಡ್ತಾರೆ ಸಾರ್? ನರ್ಸಮ್ಮನಾ?" ಎಂದು ಕೇಳಿ ನಕ್ಕಿದ್ದ. ಅಳತೆ ಟೇಪಿನ ಗೆರೆಗಳು ಕಣ್ಣಿಗೆ ಇರುವೆಗಳ ಹಾಗೆ ಹರಿದಾಡುತ್ತವೆ ಎಂಬುದನ್ನು ಮಾತ್ರ ಬಾಯಿ ಬಿಟ್ಟಿರಲಿಲ್ಲ. ಟೇಪಿನ ಇನ್ನೊಂದು ತುದಿ ಹಿಡಿದು, ಅವನು ಒಂದೇ ಗೆರೆಯನ್ನು ಮೂರು ಸಲ ಓದುವುದನ್ನು ನೋಡಿದ್ದ ತಂಗಿ ನಕ್ಕಿರಲಿಲ್ಲ.

ಆ ಮೊದಲ ವಾರ ಅವಳು ಊಟದ ತಟ್ಟೆಯ ಪಕ್ಕದಲ್ಲೂ ಪುಸ್ತಕ ಇಟ್ಟುಕೊಂಡು ಓದಿದ್ದಳು. ಶನಿವಾರ ಬಂದು, ಪರೀಕ್ಷೆ ಒಂದು ವಾರ ಮುಂದೆ ಹೋಯಿತು ಎಂದಳು. ಅವನು ಕೆಂಡಾಮಂಡಲನಾದ. ಕುರ್ಚಿಯಲ್ಲಿ ಕೂತವರು ಒಂದು ಸಹಿ ಹಾಕಿ ತಾರೀಖು ತಿರುಗಿಸುತ್ತಾರೆ. ಕೈಯಲ್ಲಿ ದುಡಿಯುವವನ ಒಂದು ವಾರ ಅವರಿಗೆ ಕಾಲ ಕಸ! ಅರ್ಧ ಗಂಟೆ ಬೈದ. ಷಟರ್ ಮಾತ್ರ ಎತ್ತಲಿಲ್ಲ.

ಇವಳು ಓದು ಬಿಟ್ಟದ್ದು ಅಂದಿನಿಂದಲೇ.

ಈಗ ಅವನು ಪ್ರಶ್ನೆಪುಸ್ತಕ ಎತ್ತಿಕೊಂಡು ಎದುರಿಗೇ ಕೂತ.

"ಗೋಡೆ ಹಾರಿದ ಕಳ್ಳನಿಗೆ ಮನೆ ನಾಯಿ ಕಚ್ಚುತ್ತೆ. ಕಳ್ಳ ಪರಿಹಾರ ಕೇಳಬಹುದಾ?"

"ಮೊದಲು ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೋ. ಆಮೇಲೆ ಉತ್ತರ."

"ಏನು ಲಂಚನಾ?"

"ಫೀಸು."

ಗೊಣಗುತ್ತ ತಲೆ ಹಿಂದಕ್ಕೆ ಚೆಲ್ಲಿದ. ಎರಡು ಕಣ್ಣಿಗೂ ಎರಡೆರಡು ಹನಿ ಬಿತ್ತು. ದಿನಕ್ಕೆ ಮೂರು ಸಲ ಇದೇ ವ್ಯಾಪಾರ.

"ಉತ್ತರ ಸಿ" ಎಂದಳು.

ಪುಸ್ತಕದ ಹಿಂಬದಿ ತಿರುವಿ ನೋಡಿದ. ಸಿ. ಅವನ ಸಿಟ್ಟು ಇಮ್ಮಡಿಯಾಯಿತು. "ಊಹೆ ಹೊಡೀತೀಯಾ! ಅಮ್ಮಾ, ನೋಡು ಇವಳ ಕೊಬ್ಬು!"

"ಓದಿದ್ದು ಸಾಕು, ಆರಾಮಾಗಿರಲಿ ಬಿಡೋ" ಎಂದಳು ಅಮ್ಮ ಒಳಗಿನಿಂದ. ಧ್ವನಿಯಲ್ಲಿ ನಗು ಇದ್ದ ಹಾಗಿತ್ತು. ಈ ಮನೆಯಲ್ಲಿ ಚಿಂತೆ ಮಾಡುವವನು ತಾನೊಬ್ಬನೇ ಎಂದು ಅವನಿಗೆ ಖಾತ್ರಿಯಾಯಿತು.

ಗುರುವಾರ ಪುಸ್ತಕಗಳೇ ಮಾಯ. ಎದುರುಮನೆಯ ಹುಡುಗಿಗೆ ಕೊಟ್ಟುಬಿಟ್ಟಿದ್ದಳಂತೆ. ಶುಕ್ರವಾರ ಅವನು ಊಟ ಬಿಟ್ಟ. ಶನಿವಾರ ಅವಳು ಇವನ ಪಾಲನ್ನೂ ಉಂಡಳು.

ಭಾನುವಾರ ಬೆಳಿಗ್ಗೆ ಅವನು ಬೈಕು ಒರೆಸಿ, ನಾಲ್ಕು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ತಯಾರಾದ. ಅವಳು ಆಕಳಿಸುತ್ತ ಹಿಂದೆ ಕೂತು ದಾರಿ ಹೇಳಿದಳು. ಪೆಟ್ರೋಲ್ ಬಂಕ್, ಎಡಕ್ಕೆ, ನೇರ.

"ಹೋದ ವಾರ ನಿನ್ನನ್ನ ಇಳಿಸಿದ್ದು ಆ ಬಂಕ್ ಹತ್ರ ಅಲ್ವೇನೇ? ಗೆಳತಿ ಮನೆಗೆ ಅಂತ?"

"ಇಲ್ಲೇ ಹತ್ರದಲ್ಲಿ. ಮುಂದೆ ನೋಡಿ ಓಡಿಸು."

ಪರೀಕ್ಷಾ ಕೇಂದ್ರದ ಗೇಟಿಗೆ ಬೀಗ. ಒಂದು ನರಪಿಳ್ಳೆಯೂ ಇಲ್ಲ. ಕಾವಲುಗಾರ ಪೇಪರ್ ಮಡಚಿ ಎದ್ದು ಬಂದ. "ಲಾ ಪರೀಕ್ಷೆ ಇವತ್ತಿಗೆ ಮುಂದೆ ಹೋಗಿತ್ತಲ್ಲ?" ಎಂದ ಅಣ್ಣ.

"ಲಾ ಪರೀಕ್ಷೆನಾ? ಅದು ಹೋದ ಭಾನುವಾರವೇ ಮುಗೀತಲ್ಲಪ್ಪ. ತಾರೀಖು ಬದಲಾಗೇ ಇಲ್ಲ."

ಅಣ್ಣನ ಕೈಯಿಂದ ಬೈಕು ಜಾರಿ ಗೇಟಿಗೆ ಒರಗಿತು.

"ಮುಗೀತು! ಎಲ್ಲಾ ಮುಗೀತು! ತಾರೀಖೇ ಸರಿಯಾಗಿ ನೋಡ್ಕೊಳ್ಳದವಳು ನೀನು ಯಾವ ಸೀಮೆ ಲಾಯರೇ!"

ತಂಗಿ ಚೀಲದಿಂದ ಹಾಲ್ ಟಿಕೆಟ್ ತೆಗೆದು ಅವನ ಮುಖದ ಮುಂದೆ ಹಿಡಿದಳು. "ಆಮೇಲೆ ಕೂಗು. ಮೊದಲು ಇದನ್ನ ಓದು. ಕೆಳಗಡೆ, ಸಣ್ಣ ಅಕ್ಷರ."

ಓದಿದ. ಹೋದ ಭಾನುವಾರದ ತಾರೀಖು. ಅವಳ ಸಹಿ. ಪಕ್ಕದಲ್ಲಿ ಮೇಲ್ವಿಚಾರಕರ ಸಹಿ.

"ಬರೆದಿದ್ದೀಯಾ?"

"ನೀನೇ ತಾನೇ ಬೈತಾ ಬೈತಾ ತಂದು ಇಳಿಸಿದ್ದು. ಚೆನ್ನಾಗೇ ಬರೆದೆ."

"ಹಾಗಾದ್ರೆ ಈ ವಾರ ಅಂಗಡಿ ಯಾಕೆ ಮುಚ್ಚಿಸಿದೆ? ಆ ಡಾಕ್ಟರ ಗೇಟು..."

ತಂಗಿ ಹೆಬ್ಬೆರಳಿನಿಂದ ಅವನ ಕೆಳರೆಪ್ಪೆ ಎಳೆದು, ಬಗ್ಗಿ ನೋಡುತ್ತಿದ್ದಳು.

"ಅಕ್ಷರ ಹರಿದಾಡಿತಾ?"

"ಇಲ್ಲ."

"ಡಾಕ್ಟರ್ ಹೇಳಿದ ಎರಡು ವಾರ ಇವತ್ತಿಗೆ ಸರಿಯಾಯ್ತು. ನೀನು ಪಾಸು, ಅಣ್ಣ."